ಸ್ಟಾಪರ್ ಕೃಷ್ಣಾನಂದನ ಹೊಟ್ಟೆಕಿಚ್ಚು

ಕೃಷ್ಣಾನಂದ ಹರಿಕಾಂತ ಹನ್ನೊಂದು ವರ್ಷ ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಂಡವನು. ಹೊನ್ನಾವರದಲ್ಲಿ ಈ ಮಾತು ಹೇಳಿದರೆ ಈಗಲೂ ಕೆಲವರು ನಂಬುವುದಿಲ್ಲ. ಅಷ್ಟು ವರ್ಷಗಳಲ್ಲಿ ಅವನು ಹೊಡೆದದ್ದು ಎರಡೇ ಗೋಲು, ಅದರಲ್ಲೂ ಒಂದು ತನ್ನದೇ ತಂಡದ ಬಲೆಗೆ. ಅವನು ಸ್ಟಾಪರ್. ಗೋಲ್‌ಕೀಪರನ ಮುಂದೆ ನಿಂತು, ನುಗ್ಗಿ ಬಂದವರ ಕಾಲಿನಿಂದ ಚೆಂಡು ಕಿತ್ತು ದೂರ ಒದೆಯುವುದು ಅವನ ಕೆಲಸ. ಹೀಗೆ ಒದ್ದ ಚೆಂಡನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹುಟ್ಟಿದ್ದು ಅಘನಾಶಿನಿ ಎಂಬ ಊರಿನಲ್ಲಿ. ಅವನ ತಾಯಿ ಮಂಜಿ ಊರ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಳು. ಇಳಿತ ಬಂದಾಗ ಹೊಳೆಯ ನಡುವೆ ಮರಳಿನ ದಿಬ್ಬ ಏಳುತ್ತಿತ್ತು. ಊರಿನ ಹುಡುಗರು ನೀರು ತಿರುಗಿ ಬರುವವರೆಗೆ ಅಲ್ಲಿ ಚೆಂಡಾಡುತ್ತಿದ್ದರು. ಒದ್ದೆ ಮರಳಿನಲ್ಲಿ ಓಡಿ ಓಡಿ ಅವನ ಮೀನಖಂಡ ಕಲ್ಲಿನಂತಾಯಿತು. ಜಾರಿ ಬಿದ್ದು ಚೆಂಡು ಕಸಿಯುವ ಅಭ್ಯಾಸವೂ ಅಲ್ಲಿಯದೇ. ಮೆತ್ತನೆಯ ಮರಳಲ್ಲಿ ಬಿದ್ದರೆ ಯಾರಿಗೆ ನೋವು?

ಕುಮಟಾದ ಕಾಲೇಜಿನಲ್ಲಿ ಅವನಿಗೆ ಜೋಡಿಯಾಗಿ ಸಿಕ್ಕವನು ಹೊಳನಗದ್ದೆಯ ಸುಧಾಕರ. ಇಬ್ಬರೂ ಸ್ಟಾಪರ್‌ಗಳು, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಕಾಲೇಜು ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಗೋವಾಕ್ಕೆ ಹೋಗಿ ಎರಡನೇ ಡಿವಿಷನ್ನಿನ ಒಂದು ಸಣ್ಣ ಕ್ಲಬ್ ಸೇರಿದರು. ಒಂದೇ ಕೋಣೆ, ಒಂದೇ ಸ್ಟೋವು. ಮೂರನೇ ವರ್ಷ ಮೇಲಿನ ಡಿವಿಷನ್ನಿನ ಕ್ಲಬ್ಬೊಂದರ ಕೋಚ್ ಇವರಿಬ್ಬರನ್ನು ನೋಡಲೆಂದೇ ಬಂದ. ಆ ದಿನ ಕೃಷ್ಣಾನಂದ ಮೈಮೇಲೆ ದೇವರು ಬಂದವನಂತೆ ಆಡಿದ. ಏಳು ಸಲ ನೆಲಕ್ಕೆ ಹಾರಿ ಚೆಂಡು ತಡೆದ. ಹುಬ್ಬು ಒಡೆದು ರಕ್ತ ಸುರಿಯುತ್ತಿದ್ದರೂ ಬಟ್ಟೆ ಕಟ್ಟಿಕೊಂಡು ಆಡಿದ. ಸುಧಾಕರ ಒಮ್ಮೆಯೂ ಬೀಳಲಿಲ್ಲ. ಪೇಟೆಗೆ ಹೊರಟವನಂತೆ ಆಚೀಚೆ ನಡೆದಾಡಿಕೊಂಡಿದ್ದ.

ಕೋಚ್ ಆರಿಸಿದ್ದು ಸುಧಾಕರನನ್ನು.

ಕೃಷ್ಣಾನಂದ ಗೆಳೆಯನನ್ನು ತಬ್ಬಿಕೊಂಡ, ಅವನ ಚೀಲವನ್ನು ತಾನೇ ಹೊತ್ತು ಬಸ್ಸಿನವರೆಗೆ ಬಂದ, ಕೈಬೀಸಿ ಕಳಿಸಿದ. ಆಮೇಲೆ ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಪ್ರತಿ ಸೋಮವಾರ ಪೇಪರಿನ ಆಟದ ಪುಟ ತೆಗೆದು ಆ ಕ್ಲಬ್ಬಿನ ಆಟಗಾರರ ಪಟ್ಟಿಯಲ್ಲಿ ಸುಧಾಕರನ ಹೆಸರು ಹುಡುಕುವನು. ಹೆಸರು ಇರುತ್ತಿತ್ತು. ಇದ್ದದ್ದು ನೋಡಿ ಪೇಪರು ಮಡಚಿ ಇಡುವನು. ತನ್ನನ್ನು ಯಾಕೆ ಬಿಟ್ಟರು ಎಂಬುದಕ್ಕೆ ಅವನು ತಾನೇ ಒಂದು ಕಾರಣ ಕಂಡುಕೊಂಡಿದ್ದ: ಸುಧಾಕರನ ಕೊಂಕಣಿ ನಯವಾಗಿತ್ತು, ದೊಡ್ಡವರ ಜೊತೆ ಬೆರೆಯಲು ಬರುತ್ತಿತ್ತು. ತಾನು ಆಡುವವನೇ ಹೊರತು ಮಾತಾಡುವವನಲ್ಲ. ಈ ಕಾರಣ ಹದಿನೈದು ವರ್ಷ ಅವನ ಹೊಟ್ಟೆಯೊಳಗೆ ಕುಳಿತಿತ್ತು.

ಮೂವತ್ತಮೂರಕ್ಕೆ ಅವನು ಗೋವಾ ಬಿಟ್ಟು ಬಂದ. ಭಟ್ಕಳದ ಜುಬೈರ್ ಸಾಹೇಬರಿಗೆ ಹೊನ್ನಾವರದ ಸೇತುವೆಯಾಚೆಯ ಕಾಸರಕೋಡಿನಲ್ಲಿ ಒಂದು ಐಸ್ ಪ್ಲಾಂಟ್ ಇತ್ತು. ಜೊತೆಗೆ ಫುಟ್‌ಬಾಲಿನ ಹುಚ್ಚೂ ಇತ್ತು. ಅವರು ಹೊನ್ನಾವರದಲ್ಲಿ ಶರಾವತಿ ಸ್ಪೋರ್ಟಿಂಗ್ ಎಂಬ ತಂಡ ಕಟ್ಟಿ, ಭಟ್ಕಳದಿಂದ ಅಂಕೋಲೆಯವರೆಗಿನ ಎಂಟು ತಂಡಗಳ ಲೀಗಿಗೆ ಸೇರಿಸಿದ್ದರು. ಕೃಷ್ಣಾನಂದನಿಗೆ ಎರಡೂ ಕೆಲಸ ಕೊಟ್ಟರು. ಬೆಳಿಗ್ಗೆ ಐಸ್ ಪ್ಲಾಂಟಿಗೆ ಮ್ಯಾನೇಜರ್, ಸಂಜೆ ತಂಡಕ್ಕೆ ಮ್ಯಾನೇಜರ್. ಮದುವೆಯೂ ಆಯಿತು. ಹೆಂಡತಿ ಪವಿತ್ರಾ ಹೊನ್ನಾವರದವಳೇ, ಹೊಲಿಗೆ ಕಲಿಸುವವಳು. ಕ್ಲಬ್ಬಿನವರು ಕೊಂಡ ಬಟ್ಟೆ ಒಗೆಯುವ ಮಶೀನಿಗೆ ಬೇರೆ ಜಾಗವಿಲ್ಲದೆ ಅದು ಇವರ ಮನೆಯ ಹಿತ್ತಲ ಜಗಲಿಗೆ ಬಂತು. ಹಾಗಾಗಿ ತಂಡದ ಅಂಗಿ ಚಡ್ಡಿಗಳೂ ಪವಿತ್ರಾಳ ಪಾಲಿಗೆ ಬಂದವು.

ಅವನು ಒಳ್ಳೆಯ ಮ್ಯಾನೇಜರನೇ. ತಂಡದಲ್ಲಿದ್ದ ದೋಣಿ ಕೆಲಸದವರು ಯಾವ ದಿನ ದಣಿದಿರುತ್ತಾರೆ, ಯಾರಿಗೆ ಬೈದರೆ ಆಡುತ್ತಾರೆ, ಯಾರಿಗೆ ಬೈದರೆ ಮನೆಗೆ ಹೋಗುತ್ತಾರೆ ಎಲ್ಲ ಗೊತ್ತಿತ್ತು. ಮೊದಲ ವರ್ಷ ಕೊನೆಯ ಸ್ಥಾನದಿಂದ ತಪ್ಪಿಸಿದ, ಮೂರನೇ ವರ್ಷ ಎರಡನೆಯದಕ್ಕೆ ತಂದ. ಆದರೆ ಪ್ರತಿ ಪಂದ್ಯಕ್ಕೂ ಹನ್ನೊಂದು ಹೆಸರು ಬರೆಯುವಾಗ ಮೊದಲು ಬರೆಯುತ್ತಿದ್ದದ್ದು ತನ್ನದು. ಐದನೇ ನಂಬರು, ಕೃಷ್ಣಾನಂದ ಹರಿಕಾಂತ. ಮೂವತ್ತೊಂಬತ್ತು ತುಂಬಿದ ಮೇಲೂ ಹಾಗೆಯೇ.

ಆ ವರ್ಷ ಬಂದವನು ದಿವಾಕರ ನಾಯ್ಕ. ಭಟ್ಕಳ ತಾಲೂಕಿನ ಮುಟ್ಟಳ್ಳಿಯವನು, ಇಪ್ಪತ್ತಮೂರು ವರ್ಷ. ಮನೆಯಲ್ಲಿ ಭತ್ತದ ಗದ್ದೆ, ತೆಂಗು. ಮಧ್ಯಾಹ್ನದವರೆಗೆ ತೋಟದ ಕೆಲಸ ಮುಗಿಸಿ ಬೈಕ್ ಹತ್ತಿ ಅಷ್ಟು ದೂರ ಪ್ರಾಕ್ಟೀಸಿಗೆ ಬರುತ್ತಿದ್ದ. ಕಾಸರಕೋಡಿನ ಗಾಳಿಮರಗಳ ಹಿಂದಿನ ಬಯಲಿನಲ್ಲಿ ಮೊದಲ ಸಂಜೆ ಅವನ ಆಟ ನೋಡಿದಾಗಲೇ ಕೃಷ್ಣಾನಂದನಿಗೆ ಸುಧಾಕರ ನೆನಪಾದ. ಅವನು ಓಡುತ್ತಲೇ ಇರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಇಡುತ್ತಿದ್ದ, ಚೆಂಡು ತಾನಾಗಿ ಅವನ ಕಾಲಿಗೆ ಬರುತ್ತಿತ್ತು. ಎದುರಾಳಿ ಎಲ್ಲಿಗೆ ಒದೆಯಬೇಕೆಂದು ಇನ್ನೂ ಯೋಚಿಸುತ್ತಿರುವಾಗಲೇ ದಿವಾಕರ ಅಲ್ಲಿ ನಿಂತಿರುತ್ತಿದ್ದ.

ಕೃಷ್ಣಾನಂದ ಅವನನ್ನು ಸ್ಟಾಪರ್ ಜಾಗಕ್ಕೆ ಹಾಕಲಿಲ್ಲ. ಬಲಬದಿಯ ಬ್ಯಾಕ್ ಮಾಡಿದ. ಕೆಲವು ಸಲ ಆಡಿಸದೆ ಹೊರಗೆ ಕೂರಿಸಿದ. ಒಂದೇ ಒಂದು ಪಂದ್ಯದಲ್ಲಿ, ತನಗೆ ಜ್ವರ ಬಂದಿದ್ದರಿಂದ ಬೇರೆ ದಾರಿಯಿಲ್ಲದೆ, ಐದನೇ ನಂಬರಿನ ಅಂಗಿ ಕೊಟ್ಟ. ಅಂಕೋಲೆಯ ತಂಡಕ್ಕೆ ಒಂದೂ ಗೋಲು ಹೊಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಜ್ವರ ಬಿಟ್ಟು ಹಿತ್ತಲಿಗೆ ಬಂದರೆ ಪವಿತ್ರಾ ಬಟ್ಟೆ ರಾಶಿಯ ಮುಂದೆ ಕುಳಿತಿದ್ದಳು. ಐದನೇ ನಂಬರಿನ ಚಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದೆಂತ, ನಿನ್ನೆ ಈ ಐದನೇ ನಂಬರಿನವ ಆಡ್ಲಿಲ್ವಾ?"

"ಆಡಿದ್ನಲ್ಲ. ಪೂರಾ ತೊಂಬತ್ ನಿಮಿಷ."

"ಒಂದು ಕಲೆ ಇಲ್ಲ ನೋಡಿ! ನಿಮ್ಮ ಚಡ್ಡಿ ಆದ್ರೆ ಎರಡು ಸಲ ತಿಕ್ಕಿದ್ರೂ ಕೆಂಪು ಮಣ್ಣು ಬಿಡೂದಿಲ್ಲ. ಇವನ ಹಾಗೆ ಎಲ್ಲರೂ ಆಡಿದ್ರೆ ನಂಗೆ ಸುಖ ಆಗ್ತಿತ್ತು."

ಅವಳು ನಗುನಗುತ್ತಲೇ ಹೇಳಿದಳು. ಅವಳಿಗೆ ಆಟದ ಗಂಧಗಾಳಿ ಇಲ್ಲ, ಬಟ್ಟೆಯ ಲೆಕ್ಕದಲ್ಲಿ ಹೇಳಿದ್ದಷ್ಟೆ. ಆದರೆ ಕೃಷ್ಣಾನಂದನಿಗೆ ಕೈಯಲ್ಲಿದ್ದ ಚಹಾ ಕಹಿಯಾಯಿತು. ಇಷ್ಟು ವರ್ಷ ಆ ಮಣ್ಣನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಐಸ್ ಪ್ಲಾಂಟಿನಲ್ಲಿ ಆ ದಿನ ಮಂಜುಗಡ್ಡೆ ಹೇರುವವರ ಮೇಲೆಲ್ಲ ಸಿಡಿಮಿಡಿಗೊಂಡ.

ಅದಾದ ಮೇಲೆ ದಿವಾಕರನದು ಏನು ಕಂಡರೂ ಅವನ ಕಣ್ಣು ಉರಿಯುತ್ತಿತ್ತು. ಅವನು ನೀರು ಕುಡಿಯುವ ರೀತಿ, ಬೂಟಿನ ದಾರ ಕಟ್ಟುವ ನಿಧಾನ, ಆಡಿ ಮುಗಿದ ಮೇಲೂ ಬೆವರದ ಹಣೆ. ಜುಬೈರ್ ಸಾಹೇಬರು ಒಮ್ಮೆ, "ಆ ಮುಟ್ಟಳ್ಳಿ ಹುಡುಗನನ್ನು ನಿಮ್ಮ ಜಾಗದಲ್ಲಿ ಇನ್ನೊಮ್ಮೆ ಆಡಿಸಿ ನೋಡಿ" ಎಂದಾಗ, "ಅವ ಇನ್ನೂ ಹಸಿ ಇದ್ದಾನೆ ಸಾಹೇಬ್ರೇ" ಎಂದು ಹಾರಿಸಿದ.

ಕೊನೆಗೆ ಒಂದು ಸಂಜೆ ದಿವಾಕರನೇ ಬಂದು ಕೇಳಿದ. ಉಳಿದವರು ಹೋಗಿದ್ದರು.

"ಕೃಷ್ಣಣ್ಣ, ನಂದು ಎಂತ ತಪ್ಪಾಗ್ತದೆ ಹೇಳಿ. ತಿದ್ಕಂತೆ."

ಹುಡುಗ ವಿನಯವಾಗಿ ನಿಂತಿದ್ದ. ತಪ್ಪು ಏನೂ ಇರಲಿಲ್ಲ. ಕೃಷ್ಣಾನಂದನ ಬಾಯಿಗೆ ಬಂದದ್ದು ಇಷ್ಟು:

"ನೀ ಬೀಳೂದೇ ಇಲ್ಲ, ತಮಾ. ಸ್ಟಾಪರ್ ಅಂದ್ರೆ ನೆಲಕ್ಕೆ ಹಾರ್ಬೇಕು, ಚೆಂಡು ಕೀಳ್ಬೇಕು. ಹಿಂಗೆ ನಿಂತ್ಕಂಡು ಆಡಿದ್ರೆ ಭಯ ಅದೆ ಅಂತ ತಿಳೀತಾರೆ."

"ನಂಗೆ ಭಯ ಇಲ್ಲ."

"ಅದನ್ನ ಆಡಿ ತೋರ್ಸು."

ದಿವಾಕರ ತಲೆಯಾಡಿಸಿದ. "ಆತು ಕೃಷ್ಣಣ್ಣ" ಎಂದು ಬೈಕ್ ಹತ್ತಿ ಹೋದ.

ಅದೇ ವಾರ ಬೆಂಗಳೂರಿನಿಂದ ಸುಧಾಕರನ ಫೋನು ಬಂತು. ಅವನು ಅಲ್ಲಿಯ ಲೀಗಿನಲ್ಲಿ ಒಂದು ತಂಡದ ಮ್ಯಾನೇಜರ್. ಒಬ್ಬ ಸ್ಟಾಪರ್ ಬೇಕಾಗಿದ್ದಾನೆ, ಜುಬೈರ್ ಸಾಹೇಬರು ಯಾರೋ ದಿವಾಕರನ ಹೆಸರು ಹೇಳಿದರು, ಹದಿನೈದು ದಿನ ಬಿಟ್ಟು ಕುಮಟಾದ ಪಂದ್ಯಕ್ಕೆ ಬರುತ್ತೇನೆ, ಆ ದಿನ ಅವನನ್ನು ನಡುವೆ ಆಡಿಸು ಎಂದ. ಕೃಷ್ಣಾನಂದನಿಗೆ ಇಲ್ಲ ಎನ್ನಲಾಗಲಿಲ್ಲ. ಗೋವಾದ ಆ ಬಸ್ಸು, ಹೊತ್ತ ಚೀಲ, ಕೈಬೀಸಿದ್ದು ಎಲ್ಲ ಮತ್ತೆ ಎದುರಿಗೆ ಬಂದು ನಿಂತಿತು. ಅಂದು ಒಬ್ಬನನ್ನು ಕಳಿಸಿಕೊಟ್ಟಾಗಿತ್ತು. ಇನ್ನೊಬ್ಬನನ್ನೂ ಕಳಿಸಿಕೊಡಬೇಕೆ?

ಆ ಹದಿನೈದು ದಿನ ಅವನು ದಿವಾಕರನಿಗೆ ಬೇರೆ ಏನನ್ನೂ ಕಲಿಸಲಿಲ್ಲ. ಹಾರು, ಬೀಳು, ಕೀಳು. "ಬೆಂಗಳೂರಿನವ್ರು ಇದನ್ನೇ ನೋಡೂದು" ಎಂದ. ದಿವಾಕರ ಹೇಳಿದ್ದನ್ನೆಲ್ಲ ಮಾಡಿದ. ನಾನು ಕಲಿಸುತ್ತಿರುವುದು ನನ್ನದೇ ವಿದ್ಯೆ, ಹನ್ನೊಂದು ವರ್ಷ ನನಗೆ ಅನ್ನ ಕೊಟ್ಟದ್ದು, ಇದರಲ್ಲಿ ಮೋಸವೇನು ಬಂತು ಎಂದು ಕೃಷ್ಣಾನಂದ ತನಗೆ ತಾನೇ ಹೇಳಿಕೊಂಡ. ಆದರೆ ಆ ಹುಡುಗ ಒಂದೊಂದು ಸಲ ಹಾರಿ ಚೆಂಡು ತಪ್ಪಿದಾಗಲೂ ಅವನ ಒಳಗೆ ತಣ್ಣಗಾಗುತ್ತಿತ್ತು. ಅದು ಅವನಿಗೆ ತಿಳಿಯುತ್ತಲೂ ಇತ್ತು.

ಕುಮಟಾದ ಪಂದ್ಯದ ದಿನ ದಿವಾಕರನಿಗೆ ಐದನೇ ನಂಬರು ಕೊಟ್ಟು ತಾನು ಆರನೆಯದನ್ನು ಹಾಕಿಕೊಂಡು ಅವನ ಪಕ್ಕದಲ್ಲೇ ನಿಂತ. ಸುಧಾಕರ ತಲೆಗೆ ಟೋಪಿ ಹಾಕಿ ಗೆರೆಯ ಆಚೆ ಕುರ್ಚಿಯಲ್ಲಿ ಕುಳಿತಿದ್ದ. ದಿವಾಕರ ಮೊದಲ ಹತ್ತು ನಿಮಿಷದಲ್ಲಿ ಮೂರು ಸಲ ಹಾರಿದ. ಎರಡು ಸಲ ಚೆಂಡು ಸಿಕ್ಕಿತು. ಮೂರನೆಯ ಸಲ ಸಿಕ್ಕಿದ್ದು ಕುಮಟಾ ಹುಡುಗನ ಕಣಕಾಲು, ಹಳದಿ ಕಾರ್ಡ್. ಎರಡನೇ ಅರ್ಧದಲ್ಲಿ ಒಬ್ಬ ಫಾರ್ವರ್ಡ್ ಚೆಂಡನ್ನು ಸುಮ್ಮನೆ ನಿಲ್ಲಿಸಿ ಕಾದ. ದಿವಾಕರ ಹಾರಿದ. ಫಾರ್ವರ್ಡ್ ಬದಿಗೆ ಸರಿದ. ದಿವಾಕರ ಎದ್ದು ಓಡಿ ಮತ್ತೆ ಹಿಂದಿನಿಂದ ಹಾರಿ ಅವನನ್ನು ಗೋಲಿನ ಎದುರೇ ಬೀಳಿಸಿದ. ಪೆನಾಲ್ಟಿ, ಇನ್ನೊಂದು ಹಳದಿ, ಅದರ ಬೆನ್ನಿಗೇ ಕೆಂಪು. ಮೈತುಂಬ ಮಣ್ಣು ಮೆತ್ತಿಕೊಂಡು ಅವನು ತಲೆ ತಗ್ಗಿಸಿ ಮೈದಾನದಿಂದ ಹೊರಗೆ ನಡೆದ.

ಪಂದ್ಯ ಮುಗಿದ ಮೇಲೆ ಇಬ್ಬರು ಹಳೆಯ ಗೆಳೆಯರು ಸ್ಟೇಷನ್ ರಸ್ತೆಯ ಮೀನೂಟದ ಹೋಟೆಲಿನಲ್ಲಿ ಕುಳಿತರು. ಸುಧಾಕರ ಬಳಚಿನ ಸುಕ್ಕ ತರಿಸಿಕೊಂಡು ಬಾಯಿ ಚಪ್ಪರಿಸುತ್ತಿದ್ದ.

"ಹೆಂಗೆ ಹುಡ್ಗ?" ಕೃಷ್ಣಾನಂದ ಕೇಳಿದ.

"ಥೇಟ್ ನಿನ್ ಹಂಗೇ ಆಡ್ತ ಮಾರಾಯ!"

ಒಂದು ಗಳಿಗೆ ಕೃಷ್ಣಾನಂದನಿಗೆ ಹಿಗ್ಗಾಯಿತು. "ಹಂಗಾರೆ ಕರ್ಕಂಡು ಹೋಗ್ತ್ಯಾ?"

ಸುಧಾಕರ ಉಣ್ಣುವ ಕೈ ತಡೆದ. "ಬೇಜಾರ್ ಮಾಡ್ಕಣಬೇಡ, ಕೃಷ್ಣಾ. ಧೈರ್ಯ ಅದೆ, ಕಾಯೂಕೆ ಬರೂದಿಲ್ಲ. ಗೋವಾದಲ್ಲಿ ನಮ್ಮಿಬ್ರನ್ನ ನೋಡುಕೆ ಬಂದಿದ್ನಲ್ಲ ಕೋಚು, ಆಮೇಲೆ ನಂಗೆ ಒಂದು ಮಾತು ಹೇಳಿದ್ದ. ಆ ನಿನ್ನ ಗೆಳೆಯ ಏಳು ಸಲ ಬಿದ್ದ, ನಿಲ್ಬೇಕಾದಲ್ಲಿ ನಿಂತಿದ್ರೆ ಒಂದು ಸಲನೂ ಬೀಳ್ಬೇಕಾಗಿರ್ಲಿಲ್ಲ ಅಂತ. ನಿಂಗೆ ಹೇಳುಕೆ ಮನ್ಸು ಬರ್ಲಿಲ್ಲ ನಂಗೆ."

ಕೃಷ್ಣಾನಂದ ಅನ್ನ ಕಲಸುತ್ತಲೇ ಇದ್ದ. ಕೊಂಕಣಿಯೂ ಅಲ್ಲ, ನಯವಾದ ಮಾತೂ ಅಲ್ಲ, ಆಟವೇ ಕಾರಣವಾಗಿತ್ತು. ಆಗಲೇ ಬಾಯಿಬಿಡಬಹುದಿತ್ತು, ಇದು ದಿವಾಕರನ ಆಟವಲ್ಲ, ನಾನು ಕಲಿಸಿದ್ದು ಎನ್ನಬಹುದಿತ್ತು. ಅನ್ನಲಿಲ್ಲ. ಸುಧಾಕರನನ್ನು ರೈಲು ಹತ್ತಿಸಿ ಮನೆಗೆ ಬಂದ.

ಮೂರು ದಿನ ಮಂಕು ಬಡಿದವನಂತಿದ್ದು ನಾಲ್ಕನೆಯ ದಿನ ಪವಿತ್ರಾಳಿಗೆ ಎಲ್ಲ ಹೇಳಿದ. ಅವಳು ಹೊಲಿಗೆ ಮಶೀನು ನಿಲ್ಲಿಸಿ ಪೂರ್ತಿ ಕೇಳಿದಳು.

"ನನ್ನ ಹತ್ರ ಹೇಳಿ ಎಂತ ಉಪಯೋಗ?" ಎಂದಳು. "ಹೋಗಿ ಅವನ ಹತ್ರ ಹೇಳಿ."

ಭಾನುವಾರ ಅವನು ಮುಟ್ಟಳ್ಳಿಗೆ ಹೋದ. ದಿವಾಕರನ ತಾಯಿ ಮಾಸ್ತಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದವಳು ಕೈ ಒರೆಸಿಕೊಂಡು ಓಡಿಬಂದಳು. ಎಳನೀರು ಕೆತ್ತಿಸಿ ಕೊಟ್ಟಳು. "ನಮ್ಮ ಹುಡ್ಗ ದಿನಾ ನಿಮ್ಮ ಹೆಸ್ರೇ ಹೇಳೂದು. ಹೇಳಿಕೊಡೂರು ಯಾರೂ ಇಲ್ದವಂಗೆ ನೀವು ದಾರಿ ತೋರ್ಸಿದ್ರಿ" ಎಂದಳು. ಆ ಎಳನೀರನ್ನು ಅವನು ಹೇಗೆ ಕುಡಿದನೋ!

ದಿವಾಕರ ತೋಟದಲ್ಲಿ ತೆಂಗಿನಕಾಯಿ ರಾಶಿ ಹಾಕುತ್ತಿದ್ದ. ಕೃಷ್ಣಾನಂದ ಸುತ್ತುಬಳಸಲಿಲ್ಲ.

"ತಮಾ, ನಿಂದು ಎಂತದೂ ತಪ್ಪಿರ್ಲಿಲ್ಲ. ನೀ ನಂಗಿಂತ ಚಂದ ಆಡ್ತೆ ಅಂತ ನಂಗೆ ಸೈಸ್ಲಿಲ್ಲ. ಅದ್ಕೇ ನಿನ್ನ ಆಟ ಕೆಡ್ಸ್ದೆ."

ದಿವಾಕರ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಆಮೇಲೆ ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿದ. ಎರಡೂ ಮೊಣಕಾಲು, ತೊಡೆಯ ಹೊರಬದಿ ತರಚಿ ಹಕ್ಕಳೆ ಕಟ್ಟಿತ್ತು.

"ದಿನಾ ಬೆಳಿಗ್ಗೆ ಇಲ್ಲೇ ಬಿದ್ದೂ ಬಿದ್ದೂ ಕಲ್ತೆ. ನೀವು ಹೇಳಿದ್ರಿ ಅಂತ." ಅವನು ಲುಂಗಿ ಇಳಿಸಿದ. "ನೀವೀಗ ಹೋಗಿ ಕೃಷ್ಣಣ್ಣ. ಅಬ್ಬೆಗೆ ಎಂತದೂ ಹೇಳ್ಬೇಡಿ."

ಆ ಸಂಜೆ ಕೃಷ್ಣಾನಂದ ಸುಧಾಕರನಿಗೆ ಫೋನು ಮಾಡಿ ಇದೆಲ್ಲವನ್ನೂ ಹೇಳಿದ. ಸುಧಾಕರ ಕೇಳಿದ್ದು ಒಂದೇ.

"ಎಂತಕ್ಕೆ ಹಿಂಗ್ ಮಾಡ್ದೆ?"

"ಹೊಟ್ಟೆಕಿಚ್ಚು. ಅವನ ಮೇಲೆ. ನಿನ್ನ ಮೇಲೂ ಅದೆ, ಹದಿನೈದು ವರ್ಷ ಆತು."

"ನನ್ ಮೇಲಾ?" ಸುಧಾಕರ ನಕ್ಕನೋ ನಿಟ್ಟುಸಿರಿಟ್ಟನೋ ತಿಳಿಯಲಿಲ್ಲ. "ಆ ಕ್ಲಬ್ಬಲ್ಲಿ ನಾ ಆಡಿದ್ದು ಒಂಬತ್ತೇ ಮ್ಯಾಚು. ಉಳಿದದ್ದೆಲ್ಲ ಬೆಂಚ್ ಬಿಸಿ ಮಾಡಿದ್ದು."

"ಪೇಪರಲ್ಲಿ ಹೆಸ್ರು ಬರ್ತಿತ್ತು."

"ಹೆಸ್ರು ಬರ್ತಿತ್ತು" ಎಂದ ಸುಧಾಕರ. ಈ ವರ್ಷದ ಜಾಗ ತುಂಬಿಯಾಗಿದೆ, ಮುಂದಿನ ವರ್ಷ ಬಂದು ಹುಡುಗನನ್ನು ಅವನ ಪಾಡಿಗೆ ಆಡಲು ಬಿಟ್ಟು ನೋಡುತ್ತೇನೆ ಎಂದು ಹೇಳಿ ಫೋನಿಟ್ಟ.

ದಿವಾಕರ ಮೂರು ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಕೊನೆಯ ಪಂದ್ಯ ಭಟ್ಕಳದಲ್ಲಿ. ಅಲ್ಲಿಗೆ ನೇರ ಬಂದು, ಯಾರ ಜೊತೆಗೂ ಮಾತಾಡದೆ, ಒಂದು ಮೂಲೆಯಲ್ಲಿ ಕುಳಿತು ಬೂಟು ಕಟ್ಟಿಕೊಂಡ. ಕೃಷ್ಣಾನಂದ ಬರೆದುಕೊಟ್ಟ ಪಟ್ಟಿಯನ್ನು ಜುಬೈರ್ ಸಾಹೇಬರು ಎರಡು ಸಲ ಓದಿದರು.

"ನಿಮ್ಮ ಹೆಸರು ಬಿಟ್ಟು ಹೋಗಿದೆಯಲ್ಲ?"

"ನಾನೇ ಬಿಟ್ಟದ್ದು, ಸಾಹೇಬ್ರೇ."

ಅವನು ಮೊದಲ ಸಲ ಗೆರೆಯ ಆಚೆ ನಿಂತು ತನ್ನ ತಂಡದ ಆಟ ನೋಡಿದ. ನೋಡುವುದು ಆಡುವುದಕ್ಕಿಂತ ಕಷ್ಟವಾಗಿತ್ತು. ಚೆಂಡು ಬಂದಾಗಲೆಲ್ಲ ಕಾಲು ತಾನಾಗಿ ಅದುರುತ್ತಿತ್ತು. ದಿವಾಕರ ಒಮ್ಮೆಯೂ ಬೀಳಲಿಲ್ಲ. ಹೊರಗಿನಿಂದ ನೋಡುವಾಗಲೇ ಕೃಷ್ಣಾನಂದನಿಗೆ ಗೊತ್ತಾದದ್ದು, ಆ ಹುಡುಗ ಚೆಂಡನ್ನು ನೋಡುತ್ತಿರಲಿಲ್ಲ, ಎದುರಾಳಿಯ ಸೊಂಟವನ್ನು ನೋಡುತ್ತಿದ್ದ. ಸೊಂಟ ತಿರುಗಿದತ್ತ ಎರಡು ಹೆಜ್ಜೆ. ಅಷ್ಟೇ. ಇಷ್ಟು ಸಣ್ಣ ವಿಷಯ ತನಗೆ ಯಾರೂ ಹೇಳಿಕೊಡಲಿಲ್ಲವಲ್ಲ ಎಂದು ಅವನ ಹೊಟ್ಟೆ ಮತ್ತೆ ಉರಿಯಿತು. ಮೊದಲಿಗಿಂತ ಜಾಸ್ತಿಯೇ ಉರಿಯಿತು. ಆದರೆ ಅವನು ಕೂಗಿ ಏನೂ ಹೇಳಲಿಲ್ಲ, ಯಾರನ್ನೂ ಬದಲಾಯಿಸಲಿಲ್ಲ. ಪಂದ್ಯ ಗೋಲಿಲ್ಲದೆ ಸಮವಾಯಿತು, ತಂಡ ಮೂರನೆಯದಾಯಿತು. ದಿವಾಕರ ಅಂಗಿ ಮಡಚಿ ಬೆಂಚಿನ ಮೇಲಿಟ್ಟು ಮನೆಗೆ ಹೋದ.

ಮರುವರ್ಷ ಸುಧಾಕರ ಮತ್ತೆ ಬಂದು ನೋಡಿ ಅವನನ್ನು ಕರೆದುಕೊಂಡ. ಕ್ಲಬ್ ಬಿಡುವ ಕಾಗದಕ್ಕೆ ಮ್ಯಾನೇಜರನ ಸಹಿ ಬೇಕಿತ್ತು. ದಿವಾಕರ ಐಸ್ ಪ್ಲಾಂಟಿಗೆ ಬಂದು ಕಾಗದ ಮುಂದಿಟ್ಟ. ಕೃಷ್ಣಾನಂದ ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದ.

"ಬತ್ತೆ, ಕೃಷ್ಣಣ್ಣ" ಎಂದ ದಿವಾಕರ. ಕ್ಷಮಿಸಿದೆ ಎನ್ನಲಿಲ್ಲ, ಇವನೂ ಕೇಳಲಿಲ್ಲ.

ಕೃಷ್ಣಾನಂದ ಆಡುವುದು ನಿಲ್ಲಿಸಿದ, ಮ್ಯಾನೇಜರನಾಗಿ ಉಳಿದ. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಪವಿತ್ರಾ ಮೊಬೈಲು ಹಿಡಿದು ಬಂದಳು. ಬೆಂಗಳೂರಿನ ಲೀಗಿನಲ್ಲಿ ದಿವಾಕರನ ತಂಡ ಗೆದ್ದಿತ್ತು, ಯಾವುದೋ ಚಾನೆಲಿನವರು ಅವನ ಮುಂದೆ ಮೈಕು ಹಿಡಿದಿದ್ದರು. ನಿಮ್ಮ ಗುರು ಯಾರು ಎಂದು ಕೇಳಿದ್ದಕ್ಕೆ ದಿವಾಕರ, ತನ್ನ ಹೈಸ್ಕೂಲಿನ ಪಿಟಿ ಮಾಸ್ತರು ರಾಜೇಶ ಸರ್ ಎಂದ.

"ಯಾವ ರಾಜೇಶ?" ಕೃಷ್ಣಾನಂದ ಥಟ್ಟನೆ ಎದ್ದು ಕುಳಿತ. "ಎಲ್ಲಿಯ ಮಾಸ್ತರು ಅವ?"

"ನಿಮ್ಮ ಹೆಸ್ರು ಹೇಳ್ಬೇಕಾಗಿತ್ತಾ?" ಪವಿತ್ರಾ ಕೇಳಿದಳು.

"ಬೇಡ. ನಂದು ಹೇಳುಕೆ ಎಂತ ಅದೆ?"

ಆದರೂ ಅಂದು ಕಾಸರಕೋಡಿನ ಸೇತುವೆ ದಾಟುವವರೆಗೂ ಅವನು ಒಳಗೊಳಗೇ ಕುದಿಯುತ್ತಿದ್ದ. ಭಟ್ಕಳದಿಂದ ಐಸಿಗೆ ಬಂದ ಲಾರಿಯವನ ಹತ್ತಿರ ಸುಮ್ಮನೆ ಮಾತಿಗೆಂಬಂತೆ ವಿಚಾರಿಸಿದ. ಲಾರಿಯವನು ಅದೇ ಶಾಲೆಯಲ್ಲಿ ಓದಿದವನು. ರಾಜೇಶ ಮಾಸ್ತರು ಹುಡುಗರಿಗೆ ಕಲಿಸುತ್ತಿದ್ದದ್ದು ವಾಲಿಬಾಲ್ ಎಂದ. ಕೃಷ್ಣಾನಂದನ ಹೆಸರು ಬಾಯಿಗೆ ಬಾರದಿರಲೆಂದೇ ದಿವಾಕರ ಆ ಹೆಸರು ಹೇಳಿದ್ದ.

ಕೃಷ್ಣಾನಂದ ಇದನ್ನು ಪವಿತ್ರಾಳಿಗೂ ಹೇಳಲಿಲ್ಲ.